ಎರೆ ನೆಲದಡಿಯ ಸೂಜಿಗಲ್ಲು

ಬ್ಯಾಡಗಿ ಅಂದರೆ ಮೆಣಸಿನಕಾಯಿ, ರಾಣೆಬೆನ್ನೂರು ಅಂದರೆ ಕೃಷ್ಣಮೃಗ. ಭೂವಿಜ್ಞಾನಿಗಳಿಗೆ ಮಾತ್ರ ರಾಣೆಬೆನ್ನೂರು ಒಂದು ಕಲ್ಲಿನ ಹೆಸರು. ಸುಮಾರು 260 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಹೂಳು ಗಟ್ಟಿಯಾಗಿ, ಮಡಚಿಕೊಂಡು, ಇಂದು ಈ ಸೀಮೆಯ ಬೂದುಬಣ್ಣದ ಬಂಡೆಯಾಗಿದೆ. ಅದರ ನಡುನಡುವೆ ಕಬ್ಬಿಣದ ಅಂಶ ತುಂಬಿದ ಪಟ್ಟಿಗಲ್ಲುಗಳಿವೆ.

ಈ ಬಗೆಯ ಶಿಲಾಸಮೂಹಕ್ಕೆ 1880ರ ದಶಕದಲ್ಲಿ 'ಧಾರವಾಡ' ಎಂಬ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬ್ಯಾಡಗಿ, ರಾಣೆಬೆನ್ನೂರುಗಳಿರುವ ಹಾವೇರಿ ಸೀಮೆಯೂ ಆಗ ಧಾರವಾಡ ಜಿಲ್ಲೆಯದೇ. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿನ ಪದರಗಳು ನೆಲದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಂತು, ಬಡಗಣದಿಂದ ತುಸು ವಾಯವ್ಯಕ್ಕೆ ವಾಲಿದ ಸಾಲಿನಲ್ಲಿ ಸಾಗುತ್ತವೆ. ಈ ಸಾಲಿಗೆ ಪಠ್ಯಪುಸ್ತಕಗಳಲ್ಲಿ ಧಾರವಾಡದ್ದೇ ಹೆಸರು. ಬೆಟ್ಟ ಬೆಟ್ಟ ಹತ್ತಿ ಅಂಥ ಸಾಲನ್ನು ಅಳೆಯುವ ಭೂವಿಜ್ಞಾನಿಯ ಜೇಬಿನಲ್ಲಿ ಇರಲೇಬೇಕಾದ ಸಲಕರಣೆ ದಿಕ್ಸೂಚಿ.

ಸೂಜಿಗಲ್ಲು ಉತ್ತರ-ದಕ್ಷಿಣಕ್ಕೆ ತಿರುಗಿ ನಿಲ್ಲುತ್ತದೆಂಬುದನ್ನು ಮೊದಲು ಬಳಕೆಗೆ ತಂದವರು ಚೀನಿಯರು. 1088ರ ಸುಮಾರಿಗೆ ಶೆನ್ ಕುವೊ ಎಂಬ ವಿದ್ವಾಂಸ, ಸೂಜಿ ನೇರ ದಕ್ಷಿಣವನ್ನಲ್ಲ, ಅದಕ್ಕಿಂತ ಕೊಂಚ ಓರೆಯನ್ನು ತೋರಿಸುತ್ತದೆಂದೂ ಬರೆದಿಟ್ಟ. ಭೂಮಿಯೇ ದೊಡ್ಡದೊಂದು ಕಾಂತವೆಂದು ವಿಲಿಯಂ ಗಿಲ್ಬರ್ಟ್ ವಿವರಿಸಿದ್ದು 1600ರಲ್ಲಿ. ಆ ಕಾಂತತ್ವ ಹುಟ್ಟುವುದು ಭೂಗರ್ಭದಲ್ಲಿ ಹರಿದಾಡುವ ಕರಗಿದ ಕಬ್ಬಿಣದಿಂದ ಎಂಬುದು ಇನ್ನೂ ತಡವಾಗಿ ತಿಳಿದದ್ದು.

ನನಗೆ ಅಚ್ಚರಿ ತರುವುದು ಬೇರೆಯೇ. ರಾಣೆಬೆನ್ನೂರಿನ ಪಟ್ಟಿಗಲ್ಲಿನಂಥ ಬಂಡೆಗಳಲ್ಲಿ ಮ್ಯಾಗ್ನೆಟೈಟ್ ಇರುತ್ತದೆ. ಸೂಜಿಗಲ್ಲೆಂದರೆ ಅದೇ ಖನಿಜ. ಅದು ದಟ್ಟವಾಗಿರುವಲ್ಲಿ ದಿಕ್ಸೂಚಿ ಹಿಡಿದರೆ ಮುಳ್ಳು ಭೂಮಿಯ ಮಾತು ಬಿಟ್ಟು ಪಕ್ಕದ ಬಂಡೆಯ ಮಾತು ಕೇಳುತ್ತದೆ. ಸರ್ವೆಯವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಈ ತುದಿಯಿಂದ ಆ ತುದಿಯ ದಿಕ್ಕು ಅಳೆದು, ಆ ತುದಿಗೆ ನಡೆದುಹೋಗಿ ಹಿಂದಿರುಗಿ ನೋಡಿ ಮತ್ತೆ ಅಳೆಯುತ್ತಾರೆ. ಎರಡರ ನಡುವಿನ ಅಂತರ 180 ಡಿಗ್ರಿ ಬಾರದಿದ್ದರೆ ಯಾವುದೋ ಒಂದು ತುದಿಯಲ್ಲಿ ಕಬ್ಬಿಣ ಮುಳ್ಳನ್ನು ಎಳೆಯುತ್ತಿದೆ ಎಂದೇ ಲೆಕ್ಕ. ಜೇಬಿನ ಚಾಕು, ಕೈಯ ಸುತ್ತಿಗೆ, ಹತ್ತಿರದ ತಂತಿಬೇಲಿ ಕೂಡ ಸಾಕು.

ಆ ಎಳೆತವೇ ಸುಳಿವೂ ಆಗುತ್ತದೆ. ಸ್ವೀಡನ್ನಿನ ಗಣಿಗಾರರು 17ನೇ ಶತಮಾನದಲ್ಲೇ ಮುಳ್ಳು ದಾರಿ ತಪ್ಪಿದಲ್ಲಿ ಅದಿರು ಹುಡುಕಿದರು. ಈಗ ಅದೇ ಕೆಲಸಕ್ಕೆ ಮ್ಯಾಗ್ನೆಟೋಮೀಟರ್ ಇದೆ. ಅದನ್ನು ಹೊತ್ತು ಹೊಲದ ಬದುವಿನ ಮೇಲೆ ನಡೆದರೆ, ಎರೆ ಮಣ್ಣು ಮುಚ್ಚಿಟ್ಟ ಕಬ್ಬಿಣದ ಪಟ್ಟಿ ಎಲ್ಲಿ ಹಾಯುತ್ತದೆ, ಎಲ್ಲಿ ತುಂಡಾಗುತ್ತದೆ ಎಂಬುದನ್ನು ಗುದ್ದಲಿ ಮುಟ್ಟದೆಯೇ ಗುರುತಿಸಬಹುದು.