ಬೆಟ್ಟ ಜಾರುವ ಮುನ್ನ ಉಪಗ್ರಹಕ್ಕೆ ಗೊತ್ತಾಗುತ್ತದೆಯೇ?

ಪ್ರತಿ ವಾರ ನನ್ನ ದನಿ ಕೇಳುವ ನೀವು ಇವತ್ತು ನನ್ನ ಬರಹವನ್ನೂ ಸ್ವಲ್ಪ ಸಹಿಸಿಕೊಳ್ಳಿ!

ನಾಸಿಕ್ ಜಿಲ್ಲೆಯ ಸಟಾಣಾಕ್ಕೆ ಹೋಗಿದ್ದೀರಾ? ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಸಾಲ್ಹೇರ್ ಕೋಟೆ ಸಿಗುತ್ತದೆ. ಎತ್ತರ 1,567 ಮೀಟರ್. ಮಹಾರಾಷ್ಟ್ರದಲ್ಲಿ ಇದಕ್ಕಿಂತ ಎತ್ತರದ ಕೋಟೆಯಿಲ್ಲ. ಸುತ್ತಲಿನ ಬೆಟ್ಟಗಳನ್ನು ನೋಡಿದರೆ ಯಾರೋ ಮೆಟ್ಟಿಲು ಕಡಿದಂತಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹರಿದು ಗಟ್ಟಿಯಾದ ಕಲ್ಲು ಇದು. ಇದೇ ಕಲ್ಲು ಪುಣೆ ದಾಟಿ ನಮ್ಮ ಬೆಳಗಾವಿ, ವಿಜಯಪುರದವರೆಗೂ ಹಬ್ಬಿದೆ.

ಕಲ್ಲೇನೋ ಗಟ್ಟಿ. ಆದರೆ ಇಳಿಜಾರಿನ ಮೇಲೆ ಕೂತ ಮಣ್ಣು ಗಟ್ಟಿಯಲ್ಲ. ಎಡೆಬಿಡದ ಮಳೆಗೆ ಅದು ನೀರು ಕುಡಿದು ಭಾರವಾಗುತ್ತದೆ, ಕೊನೆಗೆ ಹಿಡಿತ ತಪ್ಪಿ ಜಾರುತ್ತದೆ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ್ ಗ್ರಾಮದಲ್ಲಿ ಆದದ್ದು ಇದೇ. 150ಕ್ಕೂ ಹೆಚ್ಚು ಜನ ಮಣ್ಣಿನಡಿ ಸಿಕ್ಕಿ ಸತ್ತರು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಯಾರು ಗೊತ್ತೇ? ಸರ್ಕಾರಿ ಬಸ್ಸಿನ ಚಾಲಕ. ಬಸ್ ತಂದು ನೋಡಿದರೆ ಊರೇ ಇರಲಿಲ್ಲ!

ಸರಿಯಾಗಿ ಹತ್ತು ವರ್ಷದ ನಂತರ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಬೆಟ್ಟ ಕುಸಿಯಿತು. ತೋಟದ ಕೆಲಸಕ್ಕೆಂದು ಹೋಗಿ ನೆಲೆಸಿದ್ದ ನಮ್ಮ ಚಾಮರಾಜನಗರ ಕಡೆಯವರೂ ಅಲ್ಲಿ ಪ್ರಾಣ ಕಳೆದುಕೊಂಡರು. ಮರುವರ್ಷ ಅದೇ ಜುಲೈ 30ರಂದು ಶ್ರೀಹರಿಕೋಟಾದಿಂದ 'ನಿಸಾರ್' ಉಪಗ್ರಹ ಮೇಲೇರಿತು. ಇಸ್ರೋ ಮತ್ತು ನಾಸಾ ಸೇರಿ ಕಟ್ಟಿದ್ದು. ದಿನಾಂಕ ಕೂಡಿಬಂದದ್ದು ಕಾಕತಾಳೀಯ, ಆದರೆ ಕೆಲಸ ಅದಕ್ಕೆ ಸಂಬಂಧಪಟ್ಟದ್ದೇ.

ನಿಸಾರ್ ಒಂದು ರೀತಿಯಲ್ಲಿ ನಮ್ಮ ರೇಡಿಯೊದ ಬಂಧು. ನೀವು ಕೇಳುವ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ನಿಸಾರ್ ಸುಮಾರು 24 ಸೆಂಟಿಮೀಟರ್ ಅಲೆಯನ್ನೂ ಅದಕ್ಕಿಂತ ಗಿಡ್ಡದಾದ ಇನ್ನೊಂದನ್ನೂ ನೆಲಕ್ಕೆ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ಮೋಡ ಇರಲಿ, ರಾತ್ರಿ ಇರಲಿ, ತೊಂದರೆಯಿಲ್ಲ. ಉದ್ದದ ಅಲೆ ಎಲೆಗಳ ನಡುವೆಯೂ ನುಸುಳುತ್ತದೆ. 12 ದಿನ ಬಿಟ್ಟು ಅದೇ ದಾರಿಯಲ್ಲಿ ಬಂದು ಮತ್ತೆ ಕೇಳುತ್ತದೆ. ಎರಡು ಪ್ರತಿಧ್ವನಿಗಳ ಏರಿಳಿತ ತಾಳೆಯಾಗದಿದ್ದರೆ ನೆಲ ಅಲುಗಿದೆ ಎಂದರ್ಥ. ಸೆಂಟಿಮೀಟರಿನಷ್ಟು ಸರಿದರೂ ಗೊತ್ತಾಗುತ್ತದೆ.

ಇಷ್ಟೊಂದು ಚಿತ್ರಗಳನ್ನು ಕೂತು ನೋಡುವವರು ಯಾರು? ಅಲ್ಲಿಗೆ ಕಂಪ್ಯೂಟರ್ ಕಲಿಕೆ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 1998ರಿಂದ 2022ರವರೆಗಿನ ಸುಮಾರು 80,000 ಭೂಕುಸಿತಗಳನ್ನು ಪಟ್ಟಿಮಾಡಿದೆ. ಇಂಥ ದಾಖಲೆಗಳ ಜೊತೆಗೆ ಇಳಿಜಾರು, ಮಣ್ಣು, ಮಳೆ, ರಸ್ತೆಗಾಗಿ ಕಡಿದ ಗುಡ್ಡ, ಇವನ್ನೆಲ್ಲ ಕಂಪ್ಯೂಟರಿಗೆ ತೋರಿಸುತ್ತಾರೆ. ಹಿಂದೆ ಎಲ್ಲೆಲ್ಲಿ, ಎಂಥ ಜಾಗದಲ್ಲಿ ಜಾರಿತು ಎಂದು ಅದು ಕಲಿತು, ಇನ್ನೆಲ್ಲಿ ಜಾರಬಹುದು ಎಂದು ಗುರುತು ಹಾಕುತ್ತದೆ.

ಹಾಗಾದರೆ ಇನ್ನು ಭಯವಿಲ್ಲವೇ? ಇಲ್ಲೇ ಎಚ್ಚರ ಬೇಕು. ನಿಧಾನವಾಗಿ ಸರಿಯುವ ಗುಡ್ಡವನ್ನು ಉಪಗ್ರಹ ಹಿಡಿಯುತ್ತದೆ. ಆದರೆ ಮಾಳಿಣ್‌ನಂಥ ಕುಸಿತಕ್ಕೆ ಕೆಲವೇ ನಿಮಿಷ ಸಾಕು, ಉಪಗ್ರಹ ತಿರುಗಿ ಬರಲು ದಿನಗಳು ಬೇಕು. ದಾಖಲೆಯೇ ಇಲ್ಲದ ಕಡೆ ಕಂಪ್ಯೂಟರ್ ಕಲಿಯುವುದಾದರೂ ಏನನ್ನು? ಅದು ಹೇಳುವುದು 'ಎಲ್ಲಿ' ಎಂಬುದನ್ನು. 'ಯಾವಾಗ' ಎಂಬುದಕ್ಕೆ ಮಳೆಯ ಲೆಕ್ಕ ಬೇಕು, ಸ್ಥಳದಲ್ಲಿರುವವರ ಕಣ್ಣು ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 2024ರ ಜುಲೈನಲ್ಲಿ ಕೋಲ್ಕತ್ತಾದಲ್ಲಿ ಭೂಕುಸಿತ ಮುನ್ಸೂಚನಾ ಕೇಂದ್ರ ತೆರೆದದ್ದು ಈ 'ಯಾವಾಗ'ಕ್ಕಾಗಿಯೇ.

ನಮ್ಮಲ್ಲಿ ಅನೇಕರ ತವರು ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಇಳಿಜಾರಿನಲ್ಲೇ ಇದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಮರೆಯುವಂಥದ್ದಲ್ಲ. ಈ ಮಳೆಗಾಲದಲ್ಲಿ ಊರಿಗೆ ಫೋನ್ ಮಾಡಿದಾಗ "ಮಳೆ ಹೇಗಿದೆ?" ಎಂದಷ್ಟೇ ಕೇಳಬೇಡಿ. ಅಂಗಳದಲ್ಲಿ ಹೊಸ ಬಿರುಕು ಬಿಟ್ಟಿದೆಯೇ? ಮರ, ಕಂಬ ವಾಲಿವೆಯೇ? ತಿಳಿನೀರಿನ ಒರತೆ ಇದ್ದಕ್ಕಿದ್ದಂತೆ ಕೆಸರಾಗಿದೆಯೇ? ಬಾಗಿಲು ಹೊಸದಾಗಿ ಬಿಗಿಯಾಗಿದೆಯೇ? ಹೌದೆಂದರೆ ಆ ರಾತ್ರಿ ಬೇರೆ ಕಡೆ ಮಲಗಲು ಹೇಳಿ. ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ತಿಳಿಸಲು ಹೇಳಿ.

ಆಕಾಶದಿಂದ ನಿಸಾರ್ ಕೇಳಿಸಿಕೊಳ್ಳುತ್ತಿರಲಿ. ಊರಿನ ಸುದ್ದಿಯನ್ನು ನೀವೂ ಕಿವಿಗೊಟ್ಟು ಕೇಳಿ.