ಬಬ್ಬೂರಿಗೆ ಬರುವ ಮಷೀನು, ಬಾರದ ಮೆಕ್ಯಾನಿಕ್ಕು!

ಬಬ್ಬೂರು ಅಂದರೆ ಕೆಲವರಿಗೆ ಬಬ್ಬೂರುಕಮ್ಮೆ ನೆನಪಾಗುತ್ತದೆ, ರೈತರಿಗೆ ಬಬ್ಬೂರು ಫಾರಂ ನೆನಪಾಗುತ್ತದೆ. ಇವತ್ತಿನ ಸಮಾಚಾರ ಎರಡೂ ಅಲ್ಲ. ಹಿರಿಯೂರಿನ ಮಗ್ಗುಲಲ್ಲಿರುವ ಈ ಊರಿನಂಥ ಕಡೆ ಕೂತು ಚರ್ಮ, ರೆಕ್ಸಿನ್, ಟಾರ್ಪಾಲು ಹೊಲಿದು ಹೊಟ್ಟೆ ಹೊರೆಯುತ್ತೇನೆ ಎನ್ನುವವನು ಯಾವ ಮಷೀನು ಕೊಳ್ಳಬೇಕು, ಯಾರ ಹತ್ತಿರ ಕೊಳ್ಳಬೇಕು ಎಂಬುದೇ ಪ್ರಶ್ನೆ.

ಇದೂ ಒಂದು ಬರೆಯುವ ವಿಷಯವೇ ಎಂದು ಮೂಗು ಮುರಿಯಬೇಡಿ ಸ್ವಾಮಿ. ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ನಿಮ್ಮ ಸೀಟಿನ ಅಂಚನ್ನೇ ಒಂದ್ಸಲ ಮುಟ್ಟಿ ನೋಡಿ. ಹೊಲಿಗೆ ಬಿಟ್ಟು ಸ್ಪಂಜು ಇಣುಕುತ್ತಿದ್ದರೆ ಅದನ್ನು ಹೊಲಿಯುವ ಕೈಗೆ ಕೆಲಸ ಉಂಟು ಎಂದರ್ಥ. ಹಿರಿಯೂರಿನ ಮೇಲೆ ಬೆಂಗಳೂರು-ಪುಣೆ ಹೆದ್ದಾರಿ ಹಾದುಹೋಗುತ್ತದೆ. ಲಾರಿ ಸೀಟು, ಟ್ರಾಕ್ಟರ್ ಸೀಟು, ಬೈಕಿನ ಕವರು, ಲೋಡಿಗೆ ಹೊದಿಸುವ ಟಾರ್ಪಾಲು, ಕಿತ್ತುಹೋದ ಶಾಲೆ ಬ್ಯಾಗು, ಎಲ್ಲಕ್ಕೂ ಸೂಜಿ ಬೇಕು.

ಹಿಂದೆ ನಮ್ಮ ಸೀಮೆಯಲ್ಲಿ ಚರ್ಮದ ಕೆಲಸ ಅಂದರೆ ಹೊಲದ ಕೆಲಸವೇ ಆಗಿತ್ತು. ಕಪಿಲೆ ಬಾವಿಗೆ ಚರ್ಮದ ಚೀಲ, ಮಿಣಿ, ಬಾರುಕೋಲು, ರೈತನ ಕಾಲಿಗೆ ಎಕ್ಕಡ. ಪಂಪ್‌ಸೆಟ್ಟು ಬಂತು, ಕಪಿಲೆ ಹೋಯಿತು. ಟ್ರಾಕ್ಟರ್ ಬಂತು, ಬಾರುಕೋಲು ಹೋಯಿತು. ಉಳಿ, ದಬ್ಬಳ, ಮೇಣದ ದಾರ ಹಿಡಿದ ಕೈ ಮಾತ್ರ ಉಳಿದುಕೊಂಡಿದೆ. ಆ ಕೈಗೆ ಮಷೀನು ಸೇರಿದರೆ ಬದುಕು, ತಪ್ಪು ಮಷೀನು ಸೇರಿದರೆ ಸಾಲ.

ಸಾಲದ ಲೆಕ್ಕವನ್ನೇ ಮೊದಲು ನೋಡೋಣ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಕೆಲಸವೂ ಇದೆ, ದರ್ಜಿ ಕೆಲಸವೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15 ಸಾವಿರದ ವೋಚರು, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ. 18 ತಿಂಗಳಲ್ಲಿ ತೀರಿಸಬೇಕು. ಬಬ್ಬೂರಿನ ಹುಡುಗನೊಬ್ಬ ಪೂರ್ತಿ 1 ಲಕ್ಷ ಎತ್ತಿದ ಅಂದುಕೊಳ್ಳಿ. ತಿಂಗಳಿಗೆ ಸುಮಾರು 5,800 ರೂಪಾಯಿ ಕಟ್ಟಬೇಕು. ಮೂರನೇ ತಿಂಗಳಿಗೆ ಮಷೀನು ಕೆಟ್ಟು, ರಿಪೇರಿಯವನು ‘ನಾಳೆ ಬರ್ತೀನಣ್ಣ’ ಅನ್ನುತ್ತಾ ಒಂದೂವರೆ ತಿಂಗಳು ಕಳೆದರೆ? ಬ್ಯಾಂಕಿನವರು ನಾಳೆ ಅನ್ನುವುದಿಲ್ಲ.

ಇನ್ನು ಮಷೀನಿನ ವಿಚಾರ. ಬಟ್ಟೆಗೂ ಚರ್ಮಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮಕ್ಕೆ ಸೂಜಿ ಬಿದ್ದ ತೂತು ತೂತೇ. ಮಷೀನು ಒಂದು ಅಂಗುಲ ತಪ್ಪಾಗಿ ಓಡಿದರೂ ಆ ತುಂಡು ಹಾಳು, ಅದರ ದುಡ್ಡು ಹೊಲಿಯುವವನ ಕೈಯಿಂದಲೇ ಹೋಗಬೇಕು.

ಮನೆ ಮನೆಯಲ್ಲಿರುವ ಕಪ್ಪು ತಲೆಯ ಮಷೀನಿನಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನ ಪಾದ ಸುಮ್ಮನೆ ಒತ್ತಿಕೊಂಡಿರುತ್ತದೆ. ಎರಡು ಪದರ ರೆಕ್ಸಿನ್ ಇಟ್ಟರೆ ಕೆಳಗಿನದು ಮುಂದೆ ಹೋಗುತ್ತದೆ, ಮೇಲಿನದು ಅಂಟಿಕೊಂಡು ನಿಲ್ಲುತ್ತದೆ. ಕೊನೆಗೆ ಅಂಚು ಕೂಡುವುದಿಲ್ಲ. ಮೆತ್ತನೆ ಚರ್ಮವಾದರೆ ಅಡಿಯಲ್ಲಿ ಹಲ್ಲಿನ ಗುರುತು ಬೇರೆ. ಇದಕ್ಕಾಗಿಯೇ ‘ವಾಕಿಂಗ್ ಫುಟ್’ ಮಷೀನು. ಕೆಳಗಿನ ಹಲ್ಲು, ಒಳಪಾದ, ಸೂಜಿ ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಸೂಜಿ ಚರ್ಮದೊಳಗೆ ಇರುವಾಗಲೇ ಅದನ್ನು ಹಿಡಿದು ಹಿಂದಕ್ಕೆ ಒಯ್ಯುತ್ತದೆ, ಆದ್ದರಿಂದ ಪದರ ಜಾರುವ ಪ್ರಶ್ನೆ ಕಡಿಮೆ. ಸೀಟು, ಬ್ಯಾಗು, ಬೆಲ್ಟು ಮಾಡುವವನಿಗೆ ಇದೇ ಸರಿ. ಜಪಾನಿನ ಜೂಕಿಯಿಂದ ಹಿಡಿದು ಚೀನಾದ ಹತ್ತಾರು ಹೆಸರಿನವರೆಗೆ ಸಿಗುತ್ತವೆ. ಹೊಸದು 15 ಸಾವಿರದ ವೋಚರಿನಲ್ಲಿ ಬರುವ ಮಾತಲ್ಲ, ಅದನ್ನು ಮೊದಲೇ ತಿಳಿದಿರಿ.

ಚಪ್ಪಲಿ, ಬೂಟು ರಿಪೇರಿಯವನಿಗೆ ಮಾತ್ರ ಚಪ್ಪಟೆ ಹಾಸಿನ ಮಷೀನು ಉಪಯೋಗಕ್ಕೆ ಬಾರದು. ಬೂಟಿನ ಮೂತಿಯೊಳಗೆ ಹೋಗಬೇಕಾದರೆ ಸಣ್ಣ ತೋಳು ಬೇಕು. ಸಿಂಗರ್ ಕಂಪನಿಯ 29ಕೆ ಅಂಥದ್ದು. ಅದರ ಪಾದವನ್ನು ಸುತ್ತಲೂ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ ಹೊಲಿಯಬಹುದು. ಸ್ಕಾಟ್‌ಲೆಂಡಿನಲ್ಲಿ ಅದನ್ನು ಮಾಡುತ್ತಿದ್ದ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೂ ಹಳೆಯವು ಇನ್ನೂ ಓಡುತ್ತಿವೆ, ಅದೇ ಜಾತಿಯ ನಕಲುಗಳೂ ಬರುತ್ತಿವೆ. ಕರೆಂಟಿನ ಹಂಗಿಲ್ಲ, ಕಾಲಲ್ಲೋ ಕೈಯಲ್ಲೋ ತಿರುಗಿಸಿದರೆ ಸಾಕು. ನಮ್ಮ ಹಳ್ಳಿಗಳ ಕರೆಂಟು ಬಲ್ಲವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಕೊರತೆ ಎಂದರೆ ಬಾಬಿನ್ ಬಲು ಸಣ್ಣದು. ಸೀಟು ಹೊಲಿಯಲು ಕೂತರೆ ದಾರ ಸುತ್ತುವುದೇ ಒಂದು ಕೆಲಸವಾಗುತ್ತದೆ.

‘ಹೆವಿ ಡ್ಯೂಟಿ’ ಎಂಬ ಚೀಟಿ

ಈಗ ಯಾವ ತಲೆಗೆ ಬೇಕಾದರೂ ‘ಹೆವಿ ಡ್ಯೂಟಿ’ ಎಂದು ಚೀಟಿ ಅಂಟಿಸುತ್ತಾರೆ. ಜೀನ್ಸ್ ಪ್ಯಾಂಟಿನ ಮಡಿಕೆ ಹೊಲಿದು ತೋರಿಸಿ ‘ನೋಡಿ ಸಾರ್, ಚರ್ಮಾನೂ ಹೊಡೀತದೆ’ ಎನ್ನುತ್ತಾರೆ. ಹೊಡೀತದೆ ನಿಜ, ಎಷ್ಟು ದಿನ? ಇನ್ನೊಂದು ಕಡೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಂದ ಹೊರಬಿದ್ದ ಹಳೇ ಮಷೀನು ಅಗ್ಗಕ್ಕೆ ಸಿಗುತ್ತದೆ. ನಿಮಿಷಕ್ಕೆ 5 ಸಾವಿರ ಹೊಲಿಗೆ ಹಾಕುವ ಕುದುರೆ ಅದು. ಅಂಗಿ ಹೊಲಿಯಲು ಬಲು ಚೆನ್ನ. ಅದಕ್ಕೆ ಚರ್ಮ ಎಳೆಸುವುದೆಂದರೆ ಜೂಜಿನ ಕುದುರೆಗೆ ನೇಗಿಲು ಕಟ್ಟಿದ ಹಾಗೆ. ಚರ್ಮಕ್ಕೆ ಬೇಕಾದದ್ದು ನಿಧಾನ ಮತ್ತು ಕಸುವು.

ಮೋಟಾರಿನಲ್ಲೂ ಎರಡು ಬಗೆ. ಕ್ಲಚ್ ಮೋಟಾರು ಸ್ವಿಚ್ ಹಾಕಿದ ಕೂಡಲೇ ಗುಂಯ್ ಎಂದು ತಿರುಗುತ್ತಲೇ ಇರುತ್ತದೆ, ನೀವು ಹೊಲಿಯಿರಿ ಬಿಡಿ. ಸರ್ವೋ ಮೋಟಾರು ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೆ ಕಡಿವಾಣ ಹಾಕಬಹುದು, ಮೀಟರೂ ನಿಧಾನ ಓಡುತ್ತದೆ. ಹೊಸಬ ಕೈಯವನಿಗೆ ಸರ್ವೋ ವಾಸಿ ಎಂಬುದು ನಮ್ಮ ಅಭಿಪ್ರಾಯ. ಸಿಂಗಲ್ ಫೇಸಿನದೇ ಎಂದು ಮಾತ್ರ ಕೇಳಿ ತಿಳಿಯಿರಿ. ಕಾರ್ಖಾನೆಯಿಂದ ಬಂದ ಹಳೇ ಮೋಟಾರು ತ್ರೀ ಫೇಸಿನದಾಗಿದ್ದರೆ ಮನೆಯ ಪ್ಲಗ್ಗಿಗೆ ಅದು ಬರೀ ಕಬ್ಬಿಣ.

ಸೂಜಿ, ದಾರದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಚರ್ಮಕ್ಕೆ ಕತ್ತರಿಸುವ ಮೊನೆಯ ಸೂಜಿ, ರೆಕ್ಸಿನ್-ಟಾರ್ಪಾಲಿಗೆ ದುಂಡು ಮೊನೆಯದು. ದಾರ ನೈಲಾನಿನದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿ ದಾರ ಬೆವರಿಗೂ ನೀರಿಗೂ ಕೊಳೆಯುತ್ತದೆ. ಹೊಲಿಗೆ ತೀರ ಒತ್ತಾಗಿ ಹಾಕಿದರೆ ಗಟ್ಟಿ ಎಂದು ಕೆಲವರು ತಿಳಿದಿದ್ದಾರೆ. ಚರ್ಮದಲ್ಲಿ ಅದು ಉಲ್ಟಾ. ಅಂಚೆ ಚೀಟಿಯ ಅಂಚಿನ ಹಾಗೆ ತೂತಿನ ಸಾಲಾಗಿ ಅಲ್ಲೇ ಹರಿಯುತ್ತದೆ.

ಅಂಗಡಿಯವನ ಪರೀಕ್ಷೆ

ಬಬ್ಬೂರಿನಿಂದ ಬೆಂಗಳೂರು ಹತ್ತಿರ ಹತ್ತಿರ 160 ಕಿಲೋಮೀಟರು. ದಾವಣಗೆರೆ 100ರ ಆಸುಪಾಸು. ಬೆಂಗಳೂರಿನಲ್ಲಿ ಎರಡು ಸಾವಿರ ಕಮ್ಮಿಗೆ ಸಿಕ್ಕಿತು ಎಂದು ತಂದವನು ಒಂದು ಸಲ ಮೆಕ್ಯಾನಿಕ್ಕನ್ನು ಕರೆಸಿದರೆ ಅವನ ಬಸ್ ಚಾರ್ಜು, ಊಟ, ಕೂಲಿ ಸೇರಿ ಆ ಎರಡು ಸಾವಿರ ಅಲ್ಲಿಗೇ ಚುಕ್ತಾ. ಹಾಗಂತ ಹತ್ತಿರದವನೆಲ್ಲ ಒಳ್ಳೆಯವನು ಎಂದೇನೂ ಅಲ್ಲ. ಕೆಲವರು ಪೆಟ್ಟಿಗೆ ಮಾರುವವರು. ಒಳಗೆ ಏನಿದೆ ಎಂದು ನಿಮ್ಮಷ್ಟೇ ಅವರಿಗೂ ಗೊತ್ತು.

ಆದ್ದರಿಂದ ಅಂಗಡಿಗೆ ಬರಿಗೈಲಿ ಹೋಗಬೇಡಿ. ನೀವು ನಿತ್ಯ ಹೊಲಿಯುವ ಚರ್ಮದ ತುಂಡು, ನಿಮ್ಮದೇ ದಾರ ಚೀಲದಲ್ಲಿರಲಿ. ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತಿಸಿ, ಮತ್ತೆ ಇಳಿಸಿ ಹೊಲಿಸಿ. ಆ ಮೆಟ್ಟಿಲಿನಲ್ಲೇ ಮಷೀನಿನ ಬಣ್ಣ ಬಯಲಾಗುವುದು. ತುಂಡನ್ನು ತಿರುಗಿಸಿ ಅಡಿ ನೋಡಿ. ದಾರ ಕುಣಿಕೆ ಕುಣಿಕೆಯಾಗಿ ನೇತಾಡುತ್ತಿದೆಯೇ, ಹೊಲಿಗೆ ಹಾರಿದೆಯೇ? ಹಾರಿದ್ದರೆ ಅಂಗಡಿಯವನಿಗೆ ತೋರಿಸಿ ಸುಮ್ಮನೆ ನಿಂತುಕೊಳ್ಳಿ. ಒಳ್ಳೆಯವನು ‘ತಡೀರಿ ಅಣ್ಣ’ ಎಂದು ಸೂಜಿ ಬದಲಿಸುತ್ತಾನೆ, ದಾರದ ಬಿಗಿ ನೋಡುತ್ತಾನೆ, ಹುಕ್ಕಿನ ಟೈಮಿಂಗ್ ಸರಿಮಾಡಿ ಮತ್ತೆ ಹೊಲಿದು ತೋರಿಸುತ್ತಾನೆ. ‘ನಿಮ್ಮ ಚರ್ಮಾನೇ ಸರಿಯಿಲ್ಲ’ ಎಂದವನ ಅಂಗಡಿಯಿಂದ ಕಾಫಿ ಕುಡಿದು ಎದ್ದು ಬನ್ನಿ.

ಕಪಾಟು ತೆಗೆಸಿ ಹುಕ್ಕು, ಬಾಬಿನ್ ಕೇಸು, ಪಾದ, ಸೂಜಿ ತಟ್ಟೆ ಕಣ್ಣೆದುರಿಗೆ ಇದೆಯೇ ಎಂದು ನೋಡಿ. ‘ತರಿಸಿಕೊಡ್ತೀವಿ’ ಎಂಬುದು ಸ್ಪೇರ್ ಪಾರ್ಟ್ ಅಲ್ಲ. ಇದೇ ಮಷೀನು ಕೊಂಡ ಇಬ್ಬರು ಗಿರಾಕಿಗಳ ಊರು ಕೇಳಿ, ಹೋಗಿ ಮಾತಾಡಿಸಿ. ವರ್ಷದ ಗ್ಯಾರಂಟಿಯಲ್ಲಿ ತಲೆ ಸೇರಿದೆಯೋ ಮೋಟಾರೂ ಸೇರಿದೆಯೋ, ಮೆಕ್ಯಾನಿಕ್ಕು ಊರಿಗೆ ಬರುವನೋ ಮಷೀನೇ ಅಂಗಡಿಗೆ ಹೋಗಬೇಕೋ, ಎಲ್ಲವೂ ಬಿಲ್ಲಿನ ಮೇಲೆ ಬರೆದು ಸಹಿಯಾಗಲಿ. ‘ಬಿಲ್ ಬ್ಯಾಡ ಅಂದ್ರೆ ಟ್ಯಾಕ್ಸ್ ಉಳೀತದೆ’ ಎಂಬ ಆಸೆಗೆ ಬಿದ್ದರೆ ಉಳಿಯುವುದು ಅವನ ಟ್ಯಾಕ್ಸು, ಹೋಗುವುದು ನಿಮ್ಮ ಹಕ್ಕು.

ಹಕ್ಕು ಎಂದದ್ದು ಸುಮ್ಮನೆ ಅಲ್ಲ. ದುಡಿಮೆಗೆ ಕೊಂಡ ಮಷೀನಾದ್ದರಿಂದ ನೀವು ಗ್ರಾಹಕರೇ ಅಲ್ಲ ಎಂದು ಕೆಲವು ಮಾರಾಟಗಾರರು ಹೆದರಿಸುವುದುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲಿಕ್ಕೇ ಕೊಂಡದ್ದಾದರೆ ನೀವು ಗ್ರಾಹಕರೇ. ಮಾರಿದವನು ಬೆಂಗಳೂರಿನಲ್ಲಿದ್ದರೂ ನಿಮ್ಮ ವಾಸದ ಜಿಲ್ಲೆಯ ಆಯೋಗಕ್ಕೆ, ಅಂದರೆ ಚಿತ್ರದುರ್ಗದಲ್ಲೇ, ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹೋಗಬೇಕು. ಮೊದಲು 1915ಕ್ಕೆ ಫೋನು ಮಾಡಿದರೂ ಆದೀತು.

ಕೊನೆಗೆ ಸಾಗಾಟ. ಈ ಮಷೀನಿನ ತಲೆ ಒಂದೇ 30 ಕಿಲೋ ದಾಟುತ್ತದೆ. ಬಸ್ಸಿನ ಡಿಕ್ಕಿಗೆ ಹಾಕುವುದಾದರೆ ಟೇಬಲಿನಿಂದ ಬಿಚ್ಚಿಸಿ, ಪಾದದ ಕೆಳಗೆ ಒಂದು ಚರ್ಮದ ತುಂಡು ಇಟ್ಟು ಇಳಿಸಿ, ಗೋಣಿ ಸುತ್ತಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಊರಿಗೆ ತಂದ ಕೂಡಲೇ ಸ್ವಿಚ್ ಹಾಕುವ ಆತುರ ಬೇಡ. ಎಣ್ಣೆ ಬಿಟ್ಟು, ದಾರ ಪೋಣಿಸದೆ ನಾಲ್ಕು ಸುತ್ತು ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ. ಎಲ್ಲಾದರೂ ಬಿಗಿ ಹಿಡಿದರೆ ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಫೋನು ಮಾಡಿ. ಫೋನು ಎತ್ತುತ್ತಾನೋ ಇಲ್ಲವೋ ಎಂಬುದೂ ಆವತ್ತೇ ಗೊತ್ತಾಗುತ್ತದೆ.