ಮುತ್ತಜ್ಜನ ನಿಧನ ವಾರ್ತೆ

ಪ್ರಶ್ನೆ: ಹಳೆಯ ಪತ್ರಿಕೆಗಳ ನಿಧನ ವಾರ್ತೆಗಳಲ್ಲಿ ನಮ್ಮ ಪೂರ್ವಜರನ್ನು ಹುಡುಕುವುದು ಹೇಗೆ?

ಉತ್ತರ: ಮೊದಲು ಶ್ರಾದ್ಧದ ತಿಥಿ, ತೀರಿಹೋದ ಸಂವತ್ಸರ ಕೇಳಿ. ಎಷ್ಟೋ ಮನೆಗಳಲ್ಲಿ ತಾರೀಖು ಮರೆತರೂ ತಿಥಿ ಮರೆತಿರುವುದಿಲ್ಲ. ಮನ್ಮಥ ಸಂವತ್ಸರದ ಕಾರ್ತಿಕ ಎಂದರೆ 1955ರ ನವೆಂಬರ್-ಡಿಸೆಂಬರ್. ಆದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ 1895 ಕೂಡ ಆಗಬಹುದು, ತಲೆಮಾರು ಎಣಿಸಿ ನೋಡಿ. ಆಮೇಲೆ ಊರಿಗೆ ತಕ್ಕ ಪತ್ರಿಕೆ: ಹುಬ್ಬಳ್ಳಿ ಕಡೆಗೆ 1933ರಲ್ಲಿ ಶುರುವಾದ ‘ಸಂಯುಕ್ತ ಕರ್ನಾಟಕ’, ಬೆಂಗಳೂರಿಗೆ 1948ರಲ್ಲಿ ಶುರುವಾದ ‘ಪ್ರಜಾವಾಣಿ’, ಕರಾವಳಿಗೆ 1970ರಲ್ಲಿ ಶುರುವಾದ ‘ಉದಯವಾಣಿ’. ಸಾವಿನ ಮರುದಿನದ ಸಂಚಿಕೆಯಷ್ಟೇ ಸಾಲದು. ಉತ್ತರಕ್ರಿಯೆ, ಶಿವಗಣಾರಾಧನೆ, ಪುಣ್ಯಸ್ಮರಣೆಯ ಜಾಹೀರಾತುಗಳಲ್ಲೇ ಮಕ್ಕಳು, ಅಳಿಯಂದಿರ ಹೆಸರು ಸಿಗುವುದು. ಅಜ್ಜಿಯನ್ನು ಹುಡುಕುವಾಗ ಗಂಡನ ಹೆಸರಿನಲ್ಲೂ ನೋಡಿ. ಬರೀ ‘ಧರ್ಮಪತ್ನಿ’ ಎಂದು ಅಚ್ಚಾಗಿರಬಹುದು. ಸಿಕ್ಕ ಪುಟದ ಫೋಟೊ ತೆಗೆದು, ಪತ್ರಿಕೆಯ ಹೆಸರು, ತಾರೀಖು ಅಲ್ಲೇ ಬರೆದಿಡಿ.